ಪಿ.ಟಿ. ಪೀರಿಯಡ್‌ನಲ್ಲಿ ನನ್ನ ಮಗ ಶೂ ಕಾಯುತ್ತಾನೆ

ಹೊಂಗೆಮರ, ಹಾಸನ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಈ ಗುಂಪಿನಲ್ಲಿ ನೀವೆಲ್ಲ ಬರೆಯುವುದನ್ನು ಸುಮ್ನೆ ಓದಿಕೊಂಡಿದ್ದೆ. ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮಗನಿಗೆ ಹತ್ತು ವರ್ಷ, ಐದನೇ ಕ್ಲಾಸು. ನಾಲ್ಕು ತುಂಬುವ ಹೊತ್ತಿಗೆ ಆಟಿಸಂ (ಸ್ವಲೀನತೆ; ಮಾತು, ಬೆರೆಯುವುದು, ಸದ್ದು-ಸ್ಪರ್ಶ ತಿಳಿಯುವ ರೀತಿ ಬೇರೆಯಾಗಿರುವುದು) ಇದೆ ಅಂತ ಗೊತ್ತಾಯಿತು. ಮಾತಾಡುತ್ತಾನೆ. ಆದರೆ ಕೇಳಿದ್ದಕ್ಕೆ ಉತ್ತರ ಬರಲು ಸ್ವಲ್ಪ ಕಾಯಬೇಕು. ಹೋದ ವಾರ ಮನೆ ಬಾಗಿಲಲ್ಲಿ ನಮ್ಮೆಲ್ಲರ ಚಪ್ಪಲಿಗಳನ್ನು ಅಳತೆ ಪ್ರಕಾರ ಸಾಲಾಗಿ ಜೋಡಿಸಿ, "ಇಲ್ಲಿ 9 ಜೋಡಿ. ಶಾಲೆಯಲ್ಲಿ 32" ಅಂದ. ಯಾವ 32 ಅಂತ ನಿಧಾನಕ್ಕೆ ಕೇಳುತ್ತಾ ಹೋದೆ. ಖೋ ಖೋ, ಕಬಡ್ಡಿ ಆಡುವಾಗ ಮಕ್ಕಳು ಶೂ ಬಿಚ್ಚಿಡುತ್ತಾರಲ್ಲ, ಅವನ್ನು ಕಾಯುವುದು ಇವನ ಕೆಲಸವಂತೆ. ಎರಡು ವರ್ಷದಿಂದ! ಶೂ, ನೀರಿನ ಬಾಟಲಿ, ಹೊಂಗೆಮರದ ನೆರಳು, ಇವನು.

ಪಿ.ಟಿ. ಸರ್‌ ಹತ್ತಿರ ಹೋಗಿ ಕೇಳಿದೆ. ಪಾಪ, ಒಳ್ಳೆಯ ಮನುಷ್ಯ. "ಅವನಿಗೆ ತೊಂದರೆ ಆಗಬಾರದು ಅಂತ ಮೇಡಂ. ಅವನು ಖುಷಿಯಾಗೇ ಇದ್ದಾನಲ್ಲ" ಅಂದರು. ಜಗಳ ಆಡೋಣ ಅಂದರೆ ಎದುರಿಗೆ ಕೆಟ್ಟವರು ಯಾರೂ ಇಲ್ಲ. ಅದೇ ಕಷ್ಟ. ಇದೇ ಹುಡುಗ ಮನೆಯಲ್ಲಿ ಮಹಡಿ ಮೆಟ್ಟಿಲನ್ನು ಐವತ್ತು ಸಲ ಹತ್ತಿ ಇಳಿಯುತ್ತಾನೆ. ಮೈಗೆ ಆಟ ಬೇಕು ಅವನಿಗೆ. ಶಾಲೆಯಲ್ಲಿ ಏನಂತ ಕೇಳಲಿ? ಹೇಗೆ ಕೇಳಲಿ?

ಸುಣ್ಣದಗೆರೆ, ಗದಗ ಕಡೆ

ಅಕ್ಕಾರೆ, ನಾನು ಸರ್ಕಾರಿ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ. 19 ವರ್ಷ ಆಯಿತು. ನಿಮ್ಮ ಪಿ.ಟಿ. ಸರ್ ಮಾಡಿದ್ದನ್ನು ನಾನೂ ಮಾಡಿದ್ದೇನೆ. ನಮ್ಮಲ್ಲಿ ಶೂ ಅಲ್ಲ, ಸ್ಕೋರ್ ಬರೆಯುವ ಕೆಲಸ. ಆಟಿಸಂ ಇರುವ ಹುಡುಗ, ಚೆಂದ ಬರೆಯುತ್ತಿದ್ದ. ಅವನಿಗೂ ಒಂದು ಕೆಲಸ ಕೊಟ್ಟೆ ಅಂತ ನನಗೆ ಸಮಾಧಾನ ಬೇರೆ.

ನಮ್ಮ ಕಡೆಯ ಮಾತನ್ನೂ ಕೇಳಿ. 58 ಮಕ್ಕಳು, 40 ನಿಮಿಷ, ಒಬ್ಬ ಮೇಷ್ಟ್ರು, ಒಂದು ಸೀಟಿ. ಗೇಟು ರಸ್ತೆಗೇ ತೆರೆಯುತ್ತದೆ. ಆ ಹುಡುಗನನ್ನು ಒಮ್ಮೆ ಖೋ ಖೋಗೆ ಕೂರಿಸಿದ್ದೆ. ಹಿಂದಿನಿಂದ ಬಂದವನು ಬೆನ್ನಿಗೆ ಹೊಡೆದು "ಖೋ" ಅಂದ ಕೂಡಲೇ ಇವನು ಕಿರುಚಿಕೊಂಡು ಗೇಟಿನ ಕಡೆ ಓಡಿಬಿಟ್ಟ. ಹಿಡಿದುಕೊಂಡು ಬರುವಷ್ಟರಲ್ಲಿ ನನ್ನ ಕೈಕಾಲು ನಡುಗುತ್ತಿದ್ದವು. ಲಾರಿ ಬಂದಿದ್ದರೆ? ಅವತ್ತಿನಿಂದ ಸ್ಕೋರ್ ಪುಸ್ತಕ ಅವನ ಕೈಗೆ ಬಂತು.

ಆಮೇಲೆ ಕೂತು ಯೋಚಿಸಿದೆ. ಖೋ ಖೋ ಹೇಗಿದೆ ನೋಡಿ. ಎಂಟು ಜನ ಸಾಲಾಗಿ ಕೂರಬೇಕು, ಒಬ್ಬ ಆ ಕಡೆ, ಒಬ್ಬ ಈ ಕಡೆ ಮುಖ ಮಾಡಿ. ಯಾವಾಗ ಹೊಡೆತ ಬೀಳುತ್ತದೋ ಗೊತ್ತಿಲ್ಲ. ಅದು ಬೆನ್ನಿಗೇ ಬೀಳುತ್ತದೆ, ಜೊತೆಗೆ ಕಿವಿಯ ಹತ್ತಿರ ಕೂಗು. ಎದ್ದ ಕ್ಷಣವೇ ಯಾವ ದಿಕ್ಕಿಗೆ ಅಂತ ತೀರ್ಮಾನ ಆಗಬೇಕು, ಒಮ್ಮೆ ಹಿಡಿದ ದಿಕ್ಕು ತಿರುಗಿಸುವ ಹಾಗಿಲ್ಲ. ಮುಟ್ಟಿದರೆ ಬೆಚ್ಚುವ ಮಗುವಿಗೆ ಇದಕ್ಕಿಂತ ಕಷ್ಟದ ಆಟ ಬೇರೆ ಇಲ್ಲ ಅನ್ನಿಸುತ್ತದೆ. ನಾನು ಹೋಗಿ ಹೋಗಿ ಅದನ್ನೇ ಆರಿಸಿದ್ದೆ.

ಕಿವಿಮುಚ್ಚಿ, ಬೆಂಗಳೂರು

ನಾನು ಆಟಿಸಂ ಇರುವವನು. 27 ವರ್ಷ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಶಾಲೆಯಲ್ಲಿ ಇದ್ದಾಗ ಗೊತ್ತಿರಲಿಲ್ಲ, 24ಕ್ಕೆ ಗೊತ್ತಾಯಿತು. ಹಾಗಾಗಿ ನನಗೆ ಶೂ ಕಾಯುವ ರಿಯಾಯಿತಿ ಸಿಗಲಿಲ್ಲ. ಪೂರ್ತಿ ಪಿ.ಟಿ. ಅನುಭವಿಸಿದ್ದೇನೆ.

ಕೆರೆ-ದಡ ನೆನಪಿದೆಯಾ? ಎಲ್ಲರಿಗೂ ಅದು ಅತಿ ಸುಲಭದ ಆಟ. "ಕೆರೆ" ಅಂದರೆ ಗೆರೆಯೊಳಗೆ ಹಾರು, "ದಡ" ಅಂದರೆ ಹೊರಗೆ ಹಾರು. ನನಗೆ ಶಬ್ದ ಕಿವಿಗೆ ಬಿದ್ದು ಅದು ಕಾಲಿಗೆ ತಲುಪಲು ಹೊತ್ತು ಬೇಕು. ನಾನು "ದಡ"ಕ್ಕೆ ಹಾರುವಾಗ ಉಳಿದವರು ಮುಂದಿನ "ಕೆರೆ"ಗೆ ಹಾರಿರುತ್ತಿದ್ದರು. ಮೇಷ್ಟ್ರು ಬೇಕಂತಲೇ "ದಡ, ದಡ" ಅಂತ ಎರಡು ಸಲ ಹೇಳಿ ಏಮಾರಿಸುತ್ತಿದ್ದರು. ಪ್ರತಿ ಸಲ ಮೊದಲು ಔಟಾಗುವವನು ನಾನೇ, ಎಲ್ಲರಿಗೂ ನಗು.

ಇನ್ನೊಂದು ಸಲ "ಔಟಾದವರು ಹೊರಗೆ ಹೋಗಿ" ಅಂದರು. ನಾನು ಗೇಟು ದಾಟಿ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ತಮಾಷೆ ಅಲ್ಲ, ನಿಜವಾಗಿಯೂ. ಸುಣ್ಣದಗೆರೆ ಸರ್, ಗೇಟಿನ ಕಡೆ ಓಡುವ ಎಲ್ಲರೂ ಹೆದರಿ ಓಡುವುದಿಲ್ಲ. ಕೆಲವರು ಹೇಳಿದ ಮಾತು ಕೇಳಿಯೇ ಹೋಗುತ್ತಾರೆ.

ಇಬ್ಬರು ಲೀಡರ್‌ಗಳು ನಿಂತು ಒಬ್ಬೊಬ್ಬರನ್ನೇ ತಂಡಕ್ಕೆ ಕರೆಯುವುದು ಇತ್ತಲ್ಲ, ಅದರ ಬಗ್ಗೆ ಏನೂ ಬರೆಯುವುದಿಲ್ಲ. ಕೊನೆಗೆ ಉಳಿದವರಿಗೆಲ್ಲ ಗೊತ್ತು.

ಹೊಂಗೆಮರ ಅಕ್ಕ, ಒಂದು ಮಾತು. ಆ ದಿನಗಳಲ್ಲಿ ಯಾರಾದರೂ ನನಗೆ ಮರದ ನೆರಳು ಕೊಟ್ಟು ಶೂ ಕಾಯಲು ಹೇಳಿದ್ದರೆ ಕುಣಿದಾಡುತ್ತಿದ್ದೆ. ಹಾಗಾಗಿ ಶಾಲೆಗೆ ಹೋಗುವ ಮುಂಚೆ ಮಗನನ್ನು ಕೇಳಿ. ಶೂ ಅವನಿಗೆ ಶಿಕ್ಷೆಯೋ ರಕ್ಷಣೆಯೋ ನಿಮಗೆ ಇನ್ನೂ ಗೊತ್ತಿಲ್ಲ. "ಆಡ್ತೀಯಾ?" ಅಂತ ಕೇಳಬೇಡಿ, ಅದಕ್ಕೆ ನಾನಾಗಿದ್ದರೂ "ಇಲ್ಲ" ಅನ್ನುತ್ತಿದ್ದೆ. ಯಾವ ಆಟ, ಯಾರ ಜೊತೆ, ಎಷ್ಟು ಹೊತ್ತು ಅಂತ ಏನೂ ಗೊತ್ತಾಗುವುದಿಲ್ಲ ಆ ಪ್ರಶ್ನೆಯಲ್ಲಿ. ಚಿತ್ರ ಬರೆದು ಮುಂದಿಡಿ, ಬೆರಳಿಟ್ಟು ತೋರಿಸಲಿ.

ಮೂರನೇಬೆಂಚು

ಎಲ್ಲರೂ ಬೈಯಬಹುದು, ಆದರೂ ಹೇಳುತ್ತೇನೆ. ನನ್ನ ಮಗಳಿಗೂ ಆಟಿಸಂ. ಮೂರು ಶಾಲೆ ತಿರುಗಿ ನಾಲ್ಕನೆಯದರಲ್ಲಿ ಸೀಟು ಸಿಕ್ಕಿತು. ಪಾಠಕ್ಕೆ ಕೂರಿಸಿಕೊಂಡಿದ್ದಾರೆ, ಅದೇ ದೊಡ್ಡದು. ಈಗ ಪಿ.ಟಿ.ಗೂ ಹೋಗಿ ಅದು ಬೇಕು ಇದು ಬೇಕು ಅಂದರೆ "ನಿಮ್ಮ ಮಗುವಿಗೆ ನಮ್ಮ ಶಾಲೆ ಸರಿ ಹೋಗಲ್ಲ" ಅಂತ ಟಿ.ಸಿ. ಕೈಗೆ ಕೊಟ್ಟರೆ? ಆಟ ಬೇಕಾದರೆ ಸಂಜೆ ಪಾರ್ಕಿಗೆ ಕರೆದುಕೊಂಡು ಹೋಗಬಹುದು.

ಕರಿಕೋಟು, ಧಾರವಾಡ

ಮೂರನೇಬೆಂಚು ಅವರೇ, ಯಾರೂ ಬೈಯುವುದಿಲ್ಲ. ಆ ಭಯ ಇಲ್ಲಿರುವ ಎಲ್ಲ ಅಪ್ಪ ಅಮ್ಮಂದಿರಿಗೂ ಇದೆ. ಆದರೆ ಇದು ಶಾಲೆ ಮಾಡುವ ಉಪಕಾರ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಓದಿ. ಸರ್ಕಾರದ ಹಣ ಪಡೆಯುವ ಅಥವಾ ಸರ್ಕಾರದ ಮಾನ್ಯತೆ ಇರುವ ಶಾಲೆ ಭೇದ ಮಾಡದೆ ಸೇರಿಸಿಕೊಳ್ಳಬೇಕು. ಪಾಠದ ಜೊತೆ ಆಟ ಮತ್ತು ಮನರಂಜನೆಯ ಅವಕಾಶವನ್ನೂ ಉಳಿದ ಮಕ್ಕಳಿಗೆ ಸಮವಾಗಿ ಕೊಡಬೇಕು. ಆಟದ ಮಾತು ಅದೇ ಸಾಲಿನಲ್ಲಿದೆ. ಮಾನ್ಯತೆ ಅಂದಮೇಲೆ ಖಾಸಗಿ ಶಾಲೆಯೂ ಬಂತು. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯ ಇತ್ತು, ಆಟಿಸಂ ಇರಲಿಲ್ಲ. ಹೊಸದರಲ್ಲಿ 21 ಇವೆ, ಆಟಿಸಂ ಸೇರಿದೆ.

ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಶೇ 40 ಇಲ್ಲ ಅಂತ ಕೆಲವು ಶಾಲೆಗಳು ವಾಪಸ್ ಕಳಿಸುತ್ತವೆ. ಆ ಶೇ 40 ಬೇಕಾಗುವುದು 31ನೇ ಸೆಕ್ಷನ್‌ಗೆ, ಅಂದರೆ 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣಕ್ಕೆ. 16ರಲ್ಲಿ ಆ ಕಟ್ಟು ಇಲ್ಲ.

ಹಾಗಂತ ಮೊದಲ ದಿನವೇ ನೋಟಿಸ್ ಹಿಡಿದು ಹೋಗಬೇಡಿ. ವಕೀಲನಾಗಿ ನಾನೇ ಹೇಳುತ್ತಿದ್ದೇನೆ. ಸೆಕ್ಷನ್ ನಂಬರ್ ಹೇಳಿದರೆ ಹೆಡ್‌ಮಾಸ್ಟರ್ ಫೈಲ್ ತೆಗೆಯುತ್ತಾರೆ, ಮಗು ಮರದ ಕೆಳಗೇ ಇರುತ್ತದೆ. ಸರ್ಕಾರಿ ಶಾಲೆಯಾದರೆ ನಿಮ್ಮ ಬಿ.ಆರ್.ಸಿ.ಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿ.ಐ.ಇ.ಆರ್.ಟಿ. ಅಂತ ಇರುತ್ತಾರೆ, ಇಂಥ ಮಕ್ಕಳಿಗಾಗಿಯೇ ಇರುವ ಶಿಕ್ಷಕರು. ಅವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಹುಣಸೆಬೀಜ, ಮೈಸೂರು

ಆಕ್ಯುಪೇಷನಲ್ ಥೆರಪಿಸ್ಟ್ ನಾನು, ದಿನದ ಕೆಲಸ, ಆಟ ಕಷ್ಟವಾಗುವ ಮಕ್ಕಳಿಗೆ ಅದನ್ನು ರೂಢಿ ಮಾಡಿಸುವ ಕೆಲಸ. ಖೋ ಖೋ ಬಗ್ಗೆ ಸುಣ್ಣದಗೆರೆ ಸರ್ ಬರೆದದ್ದನ್ನು ಎರಡು ಸಲ ಓದಿದೆ. ನಾವು ಮಕ್ಕಳನ್ನು ಪರೀಕ್ಷೆ ಮಾಡುತ್ತೇವೆ, ಆಟವನ್ನು ಪರೀಕ್ಷೆ ಮಾಡುವುದಿಲ್ಲ. ನೀವು ಮಾಡಿದ್ದೀರಿ ಸರ್.

ಅದೇ ಕಣ್ಣಿನಿಂದ ಹಗ್ಗಜಗ್ಗಾಟ ನೋಡಿ. ತಂಡದವರೆಲ್ಲರೂ ಒಂದೇ ಕಡೆ ಮುಖ. ಯಾರೂ ಯಾರನ್ನೂ ಮುಟ್ಟಬೇಕಿಲ್ಲ. ನಿಲ್ಲುವ ಜಾಗ ಗೊತ್ತು, ಮಾಡುವುದು ಒಂದೇ ಕೆಲಸ, ಯಾವಾಗ ಮುಗಿಯಿತು ಅಂತ ಕಣ್ಣಿಗೆ ಕಾಣುತ್ತದೆ. ಮೈ ತುಂಬಾ ಬಲ ಹಾಕಿ ಎಳೆಯುವುದು, ತಳ್ಳುವುದು, ಹೊರುವುದು ಇಂಥ ಎಷ್ಟೋ ಮಕ್ಕಳನ್ನು ಶಾಂತ ಮಾಡುತ್ತದೆ. ನಿಮ್ಮ ಮಗ ಮೆಟ್ಟಿಲು ಹತ್ತಿ ಇಳಿಯುವುದೂ ಅದಕ್ಕೇ ಇರಬಹುದು. ಸುತ್ತ ನಿಂತವರ ಕೂಗಾಟ ಒಂದೇ ತಾಪತ್ರಯ, ಅದಕ್ಕೆ ಕಿವಿಗೆ ಸದ್ದು ತಡೆಯುವ ಮಫ್ ಹಾಕಬಹುದು.

ಓಟದ ವಿಷಯ. "ನಾನು ಹೇಳುವವರೆಗೂ ಓಡು" ಅನ್ನುವುದು ಕೊನೆಯೇ ಇಲ್ಲದ ಮಾತು. ನಮ್ಮಲ್ಲಿ ಬರುವ ಮಕ್ಕಳಿಗೆ ಹತ್ತು ಹುಣಸೆಬೀಜ ಕೊಡುತ್ತೇವೆ. ಒಂದು ಸುತ್ತು ಬಂದರೆ ಒಂದು ಬೀಜ ಡಬ್ಬಕ್ಕೆ. ಕೈ ಖಾಲಿಯಾದರೆ ಓಟ ಮುಗಿಯಿತು. ಇಷ್ಟೇ. ನನ್ನ ಹೆಸರು ಬಂದದ್ದೂ ಅಲ್ಲಿಂದಲೇ.

ಚೆಂಡು ಹಿಡಿಯುವುದು ತುಂಬಾ ಮಕ್ಕಳಿಗೆ ಕಷ್ಟ. ಕಣ್ಣು, ಕೈ, ಹೊತ್ತು ಮೂರೂ ಕೂಡಿ ಬರಬೇಕಲ್ಲ. ಅದು ಸೋಮಾರಿತನ ಅಲ್ಲ, ಹೆದರಿಕೆಯೂ ಅಲ್ಲ. ಥ್ರೋಬಾಲ್‌ಗೆ ಇಳಿಸುವ ಮುಂಚೆ ಬಲೂನಿನಲ್ಲಿ ಆಡಿಸಿ, ಅದು ನಿಧಾನಕ್ಕೆ ಬರುತ್ತದೆ. ಆಮೇಲೆ ನೆಲದ ಮೇಲೆ ಉರುಳಿಸುವ ದೊಡ್ಡ ಚೆಂಡು. ನಿಲ್ಲುವ ಜಾಗಕ್ಕೆ ಹಳೆಯ ಸೈಕಲ್ ಟೈರ್ ಹಾಕಿದರೆ ಸಾಕು, "ಇದು ನಿನ್ನ ಮನೆ". ಸೀಟಿಯ ಬದಲು ಬಾವುಟ ಎತ್ತಿ. ಅವತ್ತು ಏನೇನು ಮಾಡುತ್ತೇವೆ ಅಂತ ಮೊದಲೇ ನಾಲ್ಕು ಚಿತ್ರ ಸ್ಲೇಟಿನಲ್ಲಿ ಬರೆದು ತೋರಿಸಿ, ಮುಗಿದದ್ದನ್ನು ಅವನೇ ಅಳಿಸಲಿ.

ಮೂರು ಎಚ್ಚರಿಕೆ. ಒಬ್ಬ ಜಾಣ ಹುಡುಗನನ್ನು ಹಿಡಿದು "ವರ್ಷ ಪೂರ್ತಿ ಇವನನ್ನು ನೀನೇ ನೋಡಿಕೋ" ಅನ್ನಬೇಡಿ. ಅವನಿಗೂ ಆಟ ಹೋಯಿತು, ಇವನಿಗೆ ಗೆಳೆಯನ ಬದಲು ಕಾವಲುಗಾರ ಸಿಕ್ಕ. ಇನ್ನೊಂದು, ಆಟಿಸಂ ಇರುವವರಲ್ಲಿ ಫಿಟ್ಸ್ ಬೇರೆಯವರಿಗಿಂತ ಜಾಸ್ತಿ. ಈಜಿಗೆ ಕಳಿಸುವ ಮುಂಚೆ ಡಾಕ್ಟರ ಹತ್ತಿರ ಮಾತಾಡಿ. ಬಾಯಾರಿದ್ದು, ಸುಸ್ತಾದದ್ದು ಕೆಲವು ಮಕ್ಕಳಿಗೆ ಬೇಗ ತಿಳಿಯುವುದಿಲ್ಲ. ನೀರು ಕುಡಿಯುವುದನ್ನೂ ಆ ಚಿತ್ರಗಳಲ್ಲಿ ಸೇರಿಸಿ.

ಸುಣ್ಣದಗೆರೆ

ಮೇಡಂ, ಬಲೂನು, ಬೀಜ, ಬಾವುಟ ಎಲ್ಲ ಸರಿ. ಒಂದು ನಿಜ ಹೇಳಲಾ? ಮುಖ್ಯ ತೊಡಕು ಸೀಟಿ ಅಲ್ಲ.

ಜುಲೈ, ಆಗಸ್ಟ್ ಬಂತೆಂದರೆ ಕ್ಲಸ್ಟರ್ ಮಟ್ಟದ (ಅಕ್ಕಪಕ್ಕದ ಶಾಲೆಗಳ) ಕ್ರೀಡಾಕೂಟ, ಆಮೇಲೆ ತಾಲ್ಲೂಕು, ಜಿಲ್ಲೆ. "ಈ ಸಲ ನಿಮ್ಮ ಶಾಲೆಗೆ ಎಷ್ಟು ಕಪ್ ಬಂತು?" ಇದೊಂದೇ ಪ್ರಶ್ನೆ ನಮಗೆ ಕೇಳುವುದು. ಹೆಡ್‌ಮಾಸ್ಟರೂ ಕೇಳುತ್ತಾರೆ, ಶಾಲೆಯ ಉಸ್ತುವಾರಿ ಸಮಿತಿ ಎಸ್.ಡಿ.ಎಂ.ಸಿ.ಯವರೂ ಕೇಳುತ್ತಾರೆ. ಹಾಗಾಗಿ ನನ್ನ 40 ನಿಮಿಷ ಗಟ್ಟಿಯಾದ 12 ಮಕ್ಕಳಿಗೆ ಹೋಗುತ್ತದೆ. ಪರೀಕ್ಷೆ ಹತ್ತಿರ ಬಂದರೆ ಆ 40 ನಿಮಿಷವನ್ನೂ ಗಣಿತದ ಮೇಷ್ಟ್ರು "ಇವತ್ತೊಂದು ದಿನ ಬಿಟ್ಟುಕೊಡಿ" ಅಂತ ತೆಗೆದುಕೊಳ್ಳುತ್ತಾರೆ.

ನಿನ್ನೆ ಇದನ್ನೆಲ್ಲ ಓದಿದ ಮೇಲೆ ಬೆಳಗ್ಗೆ ಮೈದಾನದಲ್ಲಿ ಒಂದು ಕೆಲಸ ಮಾಡಿದೆ. ಮರದ ಕೆಳಗೆ ಕೂತವರನ್ನು ಎಣಿಸಿದೆ. ಆಟಿಸಂ ಇರುವ ಹುಡುಗ ಒಬ್ಬನೇ ಅಂದುಕೊಂಡಿದ್ದೆ. 17 ಜನ ಇದ್ದರು ರೀ! ದಪ್ಪ ಇರುವವರು, ಹೊಟ್ಟೆನೋವು ಅಂದ ಹುಡುಗಿಯರು, ಕನ್ನಡಕ ಒಡೆದೀತು ಅಂತ ಹೆದರಿದವನು, ಸುಮ್ನೆ ಆಟ ಬಾರದವರು. ಎಲ್ಲರಿಗೂ ನಾನು ಒಂದೊಂದು ಕಾರಣ ಕೊಟ್ಟು ಕೂರಿಸಿದ್ದೆ. ಆಟಿಸಂ ಹುಡುಗನದು ಕಾಗದದ ಮೇಲೆ ಬರೆದ ಕಾರಣ, ಅಷ್ಟೇ ವ್ಯತ್ಯಾಸ.

ಕಿವಿಮುಚ್ಚಿ

17! ನಮ್ಮ ಕಾಲದಲ್ಲೂ ಅಷ್ಟೇ ಇದ್ದಿರಬೇಕು. ನಾನು ಬರೀ ನನ್ನನ್ನೇ ಎಣಿಸಿಕೊಂಡಿದ್ದೆ.

ಗೆಲುವುಖಚಿತ

ಯಾಕೆ ಇಷ್ಟು ನಿರಾಶೆ? ಜಿಯಾ ರೈ ಅಂತ ಹುಡುಗಿ, ಆಟಿಸಂ ಇದೆ. 2022ರಲ್ಲಿ ಶ್ರೀಲಂಕಾದಿಂದ ಧನುಷ್ಕೋಡಿ ಕಡೆಗೆ ಪಾಕ್ ಜಲಸಂಧಿ ಈಜಿದಳು, ಆಗ ಅವಳಿಗೆ 13 ವರ್ಷ. 2024ರಲ್ಲಿ ಇಂಗ್ಲಿಷ್ ಕಾಲುವೆಯನ್ನೂ ಒಬ್ಬಳೇ ದಾಟಿದಳು. ಪ್ರಧಾನ ಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರ ಬಂದಿದೆ. ನಿಮ್ಮ ಮಗನನ್ನೂ ಸ್ಪೆಷಲ್ ಒಲಿಂಪಿಕ್ಸ್‌ಗೆ ಹಾಕಿ!

ಹೊಂಗೆಮರ

ಜಿಯಾ ರೈ ಬಗ್ಗೆ ನಾನೂ ಓದಿದ್ದೇನೆ, ದೊಡ್ಡ ಸಾಧನೆ. ಆದರೆ ನನ್ನ ಮಗ ಸಮುದ್ರ ದಾಟಬೇಕಿಲ್ಲ. ಹೊಂಗೆಮರದಿಂದ ಮೈದಾನಕ್ಕೆ ಇಪ್ಪತ್ತು ಹೆಜ್ಜೆ, ಅಷ್ಟು ದಾಟಿದರೆ ಸಾಕು. ಉಳಿದ 32 ಮಕ್ಕಳಲ್ಲಿ ಯಾರನ್ನೂ ನಾವು "ಯಾವ ದಾಖಲೆ ಮಾಡುತ್ತೀಯ?" ಅಂತ ಕೇಳಿ ಆಟಕ್ಕೆ ಬಿಡುವುದಿಲ್ಲ ಅಲ್ವಾ?

ಹುಣಸೆಬೀಜ

ಸ್ಪೆಷಲ್ ಒಲಿಂಪಿಕ್ಸ್ ಬುದ್ಧಿಮಾಂದ್ಯತೆ ಇರುವವರಿಗಾಗಿ ಇರುವುದು. ಆಟಿಸಂ ಇರುವ ಕೆಲವರಿಗೆ ಅದೂ ಇರುತ್ತದೆ, ಎಲ್ಲರಿಗೂ ಅಲ್ಲ. ಎರಡನ್ನೂ ಒಂದೇ ಮಾಡಬೇಡಿ. ಆದರೆ ಅವರದೊಂದು ಪದ್ಧತಿ ಶಾಲೆಗಳು ಕದಿಯುವಂತಿದೆ, ಯುನಿಫೈಡ್ ಸ್ಪೋರ್ಟ್ಸ್ ಅಂತ. ಬುದ್ಧಿಮಾಂದ್ಯತೆ ಇರುವವರು, ಇಲ್ಲದವರು ಒಂದೇ ತಂಡದಲ್ಲಿ ಸೇರಿ ಆಡುತ್ತಾರೆ. ಅವರು ಆಡುವುದು, ಇವರು ನೋಡಿ ಚಪ್ಪಾಳೆ ತಟ್ಟುವುದು ಅಲ್ಲ.

ಮೂರನೇಬೆಂಚು

ಸುಣ್ಣದಗೆರೆ ಸರ್, ಒಂದು ಪ್ರಶ್ನೆ. ನೀವು ನಿಯಮ ಬದಲಿಸಿದರೆ ಉಳಿದ ಮಕ್ಕಳು "ಅವಳಿಗೆ ಮಾತ್ರ ಯಾಕೆ?" ಅನ್ನುವುದಿಲ್ಲವಾ? ನನ್ನ ಮಗಳನ್ನು ಅದಕ್ಕೇ ಗೋಳು ಹೊಯ್ದುಕೊಂಡಿದ್ದರು.

ಸುಣ್ಣದಗೆರೆ

ಅನ್ನುತ್ತಾರೆ. ಅದಕ್ಕೇ ಒಬ್ಬನಿಗೆ ಬದಲಿಸಬಾರದು, ಆಟವನ್ನೇ ಬದಲಿಸಬೇಕು. ಈ ವಾರ ನಾನು ಖೋ ಖೋವನ್ನು ಎಲ್ಲರಿಗೂ ಬೇರೆ ಥರ ಆಡಿಸಿದೆ. ಬೆನ್ನಿಗೆ ಹೊಡೆಯುವ ಹಾಗಿಲ್ಲ. ಮುಂದೆ ಬಂದು ಕೈಗೆ ಟವೆಲ್ ಕೊಡಬೇಕು, ಟವೆಲ್ ಸಿಕ್ಕವನು ಏಳಬೇಕು. ದೊಡ್ಡ ಹುಡುಗರು "ಇದೆಂಥ ಖೋ ಖೋ ಸರ್" ಅಂದರು. ಟೂರ್ನಮೆಂಟ್ ತಂಡಕ್ಕೆ ಸಂಜೆ ಶಾಲೆ ಬಿಟ್ಟ ಮೇಲೆ ನಿಜವಾದ ಖೋ ಖೋ ಅಂತ ಹೇಳಿ ಸಮಾಧಾನ ಮಾಡಿದೆ. ನನಗೆ ದಿನಾ ಒಂದು ಗಂಟೆ ಜಾಸ್ತಿ ಕೆಲಸ ಬಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮರದ ಕೆಳಗಿನಿಂದ 9 ಜನ ಎದ್ದು ಬಂದರು. ನನ್ನ ಸ್ಕೋರ್ ಹುಡುಗ ಬರಲಿಲ್ಲ. ಟವೆಲ್ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಪುಸ್ತಕದಲ್ಲಿ ಬರೆದುಕೊಂಡ.

ಹೊಂಗೆಮರ (ಐದು ವಾರದ ನಂತರ)

ಮೊದಲು ಮಗನನ್ನು ಕೇಳಿದೆ, ಕಿವಿಮುಚ್ಚಿ ಹೇಳಿದ ಹಾಗೆ ಚಿತ್ರ ಬರೆದು. ಖೋ ಖೋ, ಕಬಡ್ಡಿ, ಓಟ, ಲಗೋರಿ, ಹಗ್ಗಜಗ್ಗಾಟ, ಶೂ. ನನ್ನ ಚಿತ್ರಕಲೆ ದೇವರಿಗೇ ಪ್ರೀತಿ, ಕಬಡ್ಡಿ ನೋಡಿ "ಯಾಕೆ ಎಲ್ಲರೂ ಬಿದ್ದಿದ್ದಾರೆ?" ಅಂದ. ಬೆರಳಿಟ್ಟದ್ದು ಓಟ, ಲಗೋರಿ, ಶೂ. ಹೌದು, ಶೂ ಕೂಡ. ಅದು ಅವನಿಗೆ ನಿಜವಾಗಿಯೂ ಇಷ್ಟ. ಎರಡು ದಿನ ನನಗೆ ಏನೂ ತೋಚಲಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ನಾಲ್ಕೇ ಸಾಲು ಬರೆದುಕೊಂಡು ಪಿ.ಟಿ. ಸರ್ ಹತ್ತಿರ ಹೋದೆ. ಇಡೀ ವರ್ಷದ್ದು ಕೇಳಲಿಲ್ಲ. ಬುಧವಾರದ ಪೀರಿಯಡ್, ಮೊದಲ ಹದಿನೈದು ನಿಮಿಷ, ಲಗೋರಿ. ಚೆಂಡು ಬಟ್ಟೆಯದು, ಮೊಣಕಾಲಿಗಿಂತ ಮೇಲೆ ಹೊಡೆಯುವ ಹಾಗಿಲ್ಲ, ಎಲ್ಲರಿಗೂ ಅದೇ ನಿಯಮ. ಸರ್ ಹಾಳೆ ಎರಡು ಸಲ ನೋಡಿ "ಇಷ್ಟೇನಾ ಮೇಡಂ?" ಅಂದರು. ಏನೋ ದೊಡ್ಡದು ಕೇಳುತ್ತೇನೆ ಅಂತ ಹೆದರಿದ್ದರಂತೆ.

ಮೊದಲ ಬುಧವಾರ ಚೆನ್ನಾಗಿ ಹೋಯಿತು. ಏಳು ಕಲ್ಲನ್ನು ಇವನು ಪೇರಿಸುವ ವೇಗ ನೋಡಿ ಎರಡೂ ತಂಡದವರು ಇವನು ನಮಗೆ ಬೇಕು ಅಂತ ಕಿತ್ತಾಡಿದರಂತೆ. ಎರಡನೇ ಬುಧವಾರ ಸ್ಪೋರ್ಟ್ಸ್ ಡೇಗೆ ಬ್ಯಾಂಡ್‌ ಸೆಟ್ ಪ್ರಾಕ್ಟೀಸ್ ಅದೇ ಮೈದಾನದಲ್ಲಿ ಇತ್ತು. ನಮಗೆ ಯಾರೂ ಹೇಳಿರಲಿಲ್ಲ. ಡ್ರಮ್ ಶುರುವಾದ ಕೂಡಲೇ ಕಿವಿ ಮುಚ್ಚಿ ನೆಲದಲ್ಲಿ ಮಲಗಿಬಿಟ್ಟ. ಮನೆಗೆ ಬಂದು ರಾತ್ರಿವರೆಗೂ ಮಾತಿಲ್ಲ. ಇದೆಲ್ಲ ಸಾಕು ಅನ್ನಿಸಿತ್ತು ನನಗೆ. ಮೂರನೇ ವಾರ ಅವನೇ ಬುಧವಾರ ಬೆಳಗ್ಗೆ ಬ್ಯಾಗಿಗೆ ಬಟ್ಟೆ ಚೆಂಡು ಹಾಕಿಕೊಂಡ.

ಶೂ ಕೆಲಸ ಬಿಟ್ಟಿಲ್ಲ. ಪೀರಿಯಡ್ ಶುರುವಾದಾಗ ಎಲ್ಲರದೂ ಸಾಲಾಗಿ ಜೋಡಿಸುತ್ತಾನೆ, ಎರಡು ನಿಮಿಷ. ಆಮೇಲೆ ಮೈದಾನಕ್ಕೆ ಬರುತ್ತಾನೆ. ಮೊನ್ನೆ ಎಷ್ಟು ಜೋಡಿ ಅಂತ ಕೇಳಿದೆ. "33" ಅಂದ. ತನ್ನದನ್ನೂ ಬಿಚ್ಚಿಟ್ಟಿದ್ದಾನೆ.

ಸ್ಪೋರ್ಟ್ಸ್ ಡೇ ದಿನ ಬ್ಯಾಂಡ್ ಇದ್ದೇ ಇರುತ್ತದೆ. ಕಿವಿ ಮಫ್ ಹಾಕಿಸಲೋ, ಅವತ್ತು ರಜೆ ಹಾಕಿಸಲೋ ಇನ್ನೂ ತೀರ್ಮಾನ ಮಾಡಿಲ್ಲ. ಅವನನ್ನೇ ಕೇಳಬೇಕು. ಬ್ಯಾಂಡ್ ಸೆಟ್ ಚಿತ್ರ ಬರೆಯುವುದು ಹೇಗೋ ಗೊತ್ತಿಲ್ಲ.

ಕಿವಿಮುಚ್ಚಿ

ಚಿತ್ರ ನಾನು ಬರೆದು ಕಳಿಸುತ್ತೇನೆ ಅಕ್ಕ. ಮಫ್ ತಂದರೆ ಆ ದಿನವೇ ಮೊದಲ ಸಲ ಹಾಕಿಸಬೇಡಿ. ಒಂದು ವಾರ ಮೊದಲು ಮನೆಯಲ್ಲಿ ಮಿಕ್ಸಿ ಹಾಕುವಾಗ ಹಾಕಿಸಿ ರೂಢಿ ಮಾಡಿ. ಹೊಸ ವಸ್ತು ತಲೆಯನ್ನು ಬಿಗಿ ಹಿಡಿಯುವುದು ಡ್ರಮ್‌ಗಿಂತ ಕಷ್ಟ ಆಗಬಹುದು.

ಸುಣ್ಣದಗೆರೆ

ನನ್ನ ಸ್ಕೋರ್ ಹುಡುಗ ಇನ್ನೂ ಆಟಕ್ಕೆ ಇಳಿದಿಲ್ಲ. ಪುಸ್ತಕ ಹಿಡಿದುಕೊಂಡು ಗೆರೆಯ ಹತ್ತಿರದವರೆಗೂ ಬರುತ್ತಿದ್ದಾನೆ, ಮೊದಲು ಮರ ಬಿಟ್ಟು ಏಳುತ್ತಿರಲಿಲ್ಲ.

ಹುಣಸೆಬೀಜ ಮೇಡಂ, ನಿಮ್ಮ ಸೈಕಲ್ ಟೈರ್ ಮಾತು ಕೇಳಿ ಹತ್ತು ಟೈರ್ ತಂದು ಹಾಕಿದೆ. ಎರಡು ಮಳೆ ಬಂತು ನೋಡಿ, ಆಶಾ ಕಾರ್ಯಕರ್ತೆ ಬಂದು "ಇದರಲ್ಲಿ ನೀರು ನಿಂತು ಸೊಳ್ಳೆ ಮರಿ ಮಾಡುತ್ತೆ, ಡೆಂಗಿ ಬರುತ್ತೆ, ಮೊದಲು ತೆಗೀರಿ" ಅಂತ ಗದರಿಸಿ ಹೋದರು. ಈಗ ಏನು ಮಾಡಲಿ?

ಹುಣಸೆಬೀಜ

ಅಯ್ಯೋ, ಅದು ನನಗೆ ಹೊಳೆದೇ ಇರಲಿಲ್ಲ ಸರ್! ಟೈರ್ ಬಿಡಿ. ಬಾವಿ ಹಗ್ಗದ ತುಂಡನ್ನು ಸುತ್ತು ಮಾಡಿ ತುದಿ ಕಟ್ಟಿಬಿಡಿ. ಪೀರಿಯಡ್ ಮುಗಿದ ಮೇಲೆ ಮೊಳೆಗೆ ನೇತುಹಾಕಬಹುದು. ಬೇರೆ ಬೇರೆ ಬಣ್ಣದ ಬಟ್ಟೆ ಸುತ್ತಿದರೆ ಯಾರ ಮನೆ ಯಾವುದು ಅಂತ ಜಗಳವೂ ಬರುವುದಿಲ್ಲ.